ಕೈಲಿ ಮಿನೋಗ್ ಅವರ 'ಇಂಪಾಸಿಬಲ್ ಪ್ರಿನ್ಸೆಸ್' ಕೇಳಿದವರು ಸ್ವಲ್ಪ ಹೇಳಿ

ಪ್ರಶ್ನೆ: ಆಸ್ಟ್ರೇಲಿಯಾದ ಪಾಪ್ ಗಾಯಕಿ ಕೈಲಿ ಅಂದ್ರೆ ನನಗೆ ಗೊತ್ತಿರುವುದು 'ಕಾಂಟ್ ಗೆಟ್ ಯೂ ಔಟ್ ಆಫ್ ಮೈ ಹೆಡ್' ಹಾಡು ಒಂದೇ. 1997ರ ಈ ಆಲ್ಬಂ ಪೂರ್ತಿ ಬೇರೆ ಥರ ಇದೆಯಂತೆ. ಎಲ್ಲಿಂದ ಶುರು ಮಾಡಲಿ?

ಉತ್ತರ 1: ಮೊದಲ ಹಾಡು 'ಟೂ ಫಾರ್'ನಿಂದಲೇ. ಒಂದೇ ಉಸಿರಿನಲ್ಲಿ ಮಾತು ಸುರಿಯುತ್ತಾರೆ, ಕೆಳಗೆ ಡ್ರಮ್ ಆ್ಯಂಡ್ ಬೇಸ್ ಅನ್ನುವ ವೇಗದ ತಾಳದ ಎಲೆಕ್ಟ್ರಾನಿಕ್ ಸಂಗೀತ ಓಡುತ್ತಿರುತ್ತದೆ. ತಲೆಯೊಳಗಿನ ಗಲಿಬಿಲಿಯನ್ನೇ ರೆಕಾರ್ಡ್ ಮಾಡಿದಂತಿದೆ. ಇದೇ ಗಾಯಕಿ 80ರ ದಶಕದಲ್ಲಿ ಸ್ಟಾಕ್, ಏಟ್‌ಕನ್, ವಾಟರ್‌ಮನ್ ಎಂಬ ಬ್ರಿಟನ್‌ನ ಮೂವರು ಹಾಡು ಬರಹಗಾರ-ನಿರ್ಮಾಪಕರು ಬರೆದುಕೊಟ್ಟದ್ದನ್ನು ಹಾಡುತ್ತಿದ್ದರು. ಇಲ್ಲಿ ಎಲ್ಲ ಹಾಡುಗಳ ಬರವಣಿಗೆಯಲ್ಲೂ ಅವರ ಹೆಸರಿದೆ. ಆ ಅನುಮಾನ, ಆ ಸಿಟ್ಟು ಬೇರೆಯವರು ಬರೆದುಕೊಟ್ಟರೆ ಬರುವಂಥದ್ದಲ್ಲ. ನಾನು ಹೆಡ್‌ಫೋನ್ ಹಾಕಿ ರಾತ್ರಿ ಕೇಳುತ್ತೇನೆ. 'ಬ್ರೀದ್' ಬರುವ ಹೊತ್ತಿಗೆ ಫೋನ್ ಪಕ್ಕಕ್ಕೆ ಹೋಗಿರುತ್ತದೆ.

ಉತ್ತರ 2: ನಾನು ಒಪ್ಪಲ್ಲ, 'ಡಿಡ್ ಇಟ್ ಅಗೇನ್' ವಿಡಿಯೋ ಮೊದಲು ನೋಡಿ. ಮುದ್ದು ಕೈಲಿ, ಮಾದಕ ಕೈಲಿ, ಡಾನ್ಸ್ ಕೈಲಿ, ಇಂಡೀ ಕೈಲಿ ಅಂತ ನಾಲ್ಕು ಜನ ಜುಟ್ಟು ಹಿಡಿದು ಜಗಳ ಆಡುತ್ತಾರೆ. ಪತ್ರಿಕೆಗಳು ಅಂಟಿಸಿದ ಚೀಟಿಗಳನ್ನೆಲ್ಲ ಅವರೇ ಗೇಲಿ ಮಾಡಿದ್ದಾರೆ. ಆಲ್ಬಂನಿಂದ ಬಿಡಿಯಾಗಿ ಬಂದ ಮೊದಲ ಹಾಡು (ಸಿಂಗಲ್) 'ಸಮ್ ಕೈಂಡ್ ಆಫ್ ಬ್ಲಿಸ್' ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್ ಎಂಬ ರಾಕ್ ಬ್ಯಾಂಡ್‌ನ ಇಬ್ಬರ ಜೊತೆ ಮಾಡಿದ್ದು. ಬ್ರಿಟನ್‌ನ ಹಾಡುಗಳ ಪಟ್ಟಿಯಲ್ಲಿ 22ನೇ ಸ್ಥಾನಕ್ಕೆ ನಿಂತಿತು. ಆಲ್ಬಂ ಸೋತಿತು ಅನ್ನುವ ಮಾತು ಅಲ್ಲಿಂದಲೇ ಶುರುವಾಯಿತು.

ಉತ್ತರ 3: ಸೋತಿದ್ದು ಬ್ರಿಟನ್‌ನಲ್ಲಿ ಮಾತ್ರ ಅಲ್ವಾ? ಅವರ ಊರಾದ ಆಸ್ಟ್ರೇಲಿಯಾದಲ್ಲಿ ಆಲ್ಬಂ 4ನೇ ಸ್ಥಾನಕ್ಕೆ ಬಂತು. ನನಗೆ ಇದು ರುಚಿಸಿದ್ದು 1998ರ 'ಇಂಟಿಮೇಟ್ ಆ್ಯಂಡ್ ಲೈವ್' ಅನ್ನುವ ವೇದಿಕೆ ಕಾರ್ಯಕ್ರಮದ ರೆಕಾರ್ಡಿಂಗ್ ಕೇಳಿದ ಮೇಲೆ. ಸಿ.ಡಿ.ಯಲ್ಲಿ ಬಿಗಿಯಾಗಿ ಕೇಳುವ 'ಕೌಬಾಯ್ ಸ್ಟೈಲ್' ವೇದಿಕೆಯ ಮೇಲೆ ಕುಣಿಯುತ್ತದೆ. ಮಧ್ಯದ ಒಂದೆರಡು ಹಾಡು ಸುಮ್ನೆ ಎಳೆದಂತಿವೆ, ಅದು ನಿಜ.

ಉತ್ತರ 4: ಹಳೇ ಸಿ.ಡಿ. ಕೊಳ್ಳುವುದಾದರೆ ಹುಷಾರು. 1997ರ ಆಗಸ್ಟ್‌ನಲ್ಲಿ ಬ್ರಿಟನ್‌ನ ರಾಜಕುಮಾರಿ (ಪ್ರಿನ್ಸೆಸ್) ಡಯಾನಾ ತೀರಿಕೊಂಡರು. ಹೆಸರಲ್ಲಿ 'ಪ್ರಿನ್ಸೆಸ್' ಬೇಡ ಅಂತ ಬ್ರಿಟನ್‌ನಲ್ಲಿ ಇದನ್ನು 1998ರಲ್ಲಿ ಬರೀ 'ಕೈಲಿ ಮಿನೋಗ್' ಅಂತ ಬಿಟ್ಟರು. 1994ರ ಆಲ್ಬಂ ಹೆಸರೂ ಅದೇ! ಹಿಂಬದಿ ನೋಡಿ. 'ಕನ್ಫೈಡ್ ಇನ್ ಮಿ' ಹಾಡು ಇದ್ದರೆ ಅದು 1994ರದ್ದು. ಅದೂ ಚೆನ್ನಾಗಿದೆ, ಆದರೆ ನೀವು ಕೇಳಿದ್ದು ಅದಲ್ಲ.