ತಲೆಯಿಲ್ಲದ ಜೀವಿ ಬುದ್ಧಿಯನ್ನು ಎಲ್ಲಿಟ್ಟುಕೊಳ್ಳಬೇಕು?

ಜೋಗಿಮಟ್ಟಿ ಗಾಳಿ (ಚಿತ್ರದುರ್ಗ):
ಏಳನೇ ತರಗತಿಯ ನನ್ನ ಮಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅನ್ಯಗ್ರಹದ ಬುದ್ಧಿವಂತ ಜೀವಿಯ ಚಿತ್ರ ಬರೆದಿದ್ದಳು. ಗುರುಗ್ರಹದ ಉಪಗ್ರಹ ಯುರೋಪಾದಲ್ಲಿ ಹಿಮದ ಪದರದಡಿ ಇದೆಯೆಂದು ವಿಜ್ಞಾನಿಗಳು ನಂಬಿರುವಂಥ ಕಡಲು. ಅದರಲ್ಲಿ ಕಣ್ಣಿಲ್ಲದ, ಒಂಬತ್ತು ತೋಳಿನ ಪ್ರಾಣಿ. "ತಲೆಯೇ ಇಲ್ಲವಲ್ಲ, ಬುದ್ಧಿ ಎಲ್ಲಿಟ್ಟುಕೊಂಡಿದೆ?" ಎಂದು ತೀರ್ಪುಗಾರರು ನಕ್ಕರಂತೆ. ಬಹುಮಾನ ಹೋಗಿದ್ದು ಹಸಿರು ಬಣ್ಣದ, ದೊಡ್ಡ ತಲೆಯ ಮನುಷ್ಯನಿಗೆ. ಅವನಿಗೆ ಎರಡು ಕಾಲು, ಎರಡು ಕಿವಿ, ಸೊಂಟಕ್ಕೆ ಬೆಲ್ಟು ಕೂಡ ಇತ್ತು. ತಪ್ಪು ಯಾರದು, ನೀವೇ ಹೇಳಿ.

ಜಗಳೂರು ಮೇಷ್ಟರು:
ಬೆಲ್ಟಿಗೆ ನನ್ನ ಬೆಂಬಲವಿಲ್ಲ, ತಲೆಗಿದೆ. ಒಂದೇ ದಿಕ್ಕಿಗೆ ಮುನ್ನುಗ್ಗುವ ಪ್ರಾಣಿಗೆ ಬಾಯಿ ಮುಂದಿರಬೇಕು. ಆಹಾರ ಗುರುತಿಸುವ ಕಣ್ಣು, ಮೂಗು ಬಾಯಿಯ ಹತ್ತಿರವಿರಬೇಕು. ಅವುಗಳ ಸುದ್ದಿ ಬೇಗ ಮುಟ್ಟಲು ಮಿದುಳು ಅವುಗಳ ಬೆನ್ನಿಗೇ ಇರಬೇಕು. ಹೀಗೆ ತಲೆ ತಾನಾಗಿ ಕೂಡಿಬರುತ್ತದೆ. ಕಣ್ಣಂತೂ ಭೂಮಿಯ ಮೇಲೆ ಬೇರೆ ಬೇರೆ ವಂಶಗಳಲ್ಲಿ ಹತ್ತಾರು ಬಾರಿ ಹೊಸದಾಗಿ ಹುಟ್ಟಿದೆ. ಎಣಿಕೆ ಮಾತ್ರ ಕಟ್ಟುನಿಟ್ಟಲ್ಲ. ನಮ್ಮ ರಂಗಯ್ಯನದುರ್ಗದ ಕಾಡಿನ ಕೊಂಡುಕುರಿಯನ್ನೇ ನೋಡಿ: ನೆಂಟರಿಷ್ಟರಿಗೆಲ್ಲ ಎರಡೇ ಕೊಂಬು, ಇದರ ಗಂಡಿಗೆ ನಾಲ್ಕು.

ಜೋಗಿಮಟ್ಟಿ ಗಾಳಿ:
ಮೇಷ್ಟರೇ, ಮಗಳು ಮಾದರಿಯಾಗಿ ಇಟ್ಟುಕೊಂಡಿದ್ದು ಆಕ್ಟೋಪಸ್. ಅದರ ಸುಮಾರು 50 ಕೋಟಿ ನರಕೋಶಗಳಲ್ಲಿ ಮೂರನೇ ಎರಡರಷ್ಟು ತೋಳುಗಳಲ್ಲೇ ಇವೆ. ಇನ್ನು ಆ ಕತ್ತಲ ಕಡಲಿನಲ್ಲಿ ಕಣ್ಣಿಗೆ ಏನು ಕೆಲಸ?

ದಾವಣಗೆರೆ ಲೇತ್:
ತಲೆ ಬಿಡಿ, ಹೆಬ್ಬೆರಳಿನ ಮಾತಾಡಿ. ಕಳೆದ ವರ್ಷ ಲೇತ್ ಮೇಲೆ ಕೆಲಸ ಮಾಡುವಾಗ ನನ್ನ ಬಲ ಹೆಬ್ಬೆರಳಿಗೆ ಏಟಾಗಿ ಮೂರು ಹೊಲಿಗೆ ಬಿತ್ತು. ಇಪ್ಪತ್ತು ದಿನ ವರ್ನಿಯರ್ ಹಿಡಿಯಲಾಗಲಿಲ್ಲ. ಅಂಗಿಯ ಗುಂಡಿ ಹಾಕಲೂ ಹೆಂಡತಿಯನ್ನು ಕೂಗಬೇಕಾಯಿತು. ತಲೆಯೇನೋ ನೆಟ್ಟಗೇ ಇತ್ತು! ತೋಳು ಒಂಬತ್ತಲ್ಲ, ತೊಂಬತ್ತಿರಲಿ, ನೀರಿನೊಳಗೆ ಬೆಂಕಿ ಹೊತ್ತಿಸುವುದು ಹೇಗೆ? ಬೆಂಕಿಯಿಲ್ಲದೆ ಲೋಹವಿಲ್ಲ, ಲೋಹವಿಲ್ಲದೆ ರೇಡಿಯೊ ಇಲ್ಲ. ಅದು ಎಷ್ಟೇ ಜಾಣ ಪ್ರಾಣಿಯಾಗಿರಲಿ, ನಮಗೆ ಸುದ್ದಿ ಮುಟ್ಟುವುದಿಲ್ಲ.

ಹಿರಿಯೂರು ತೋಟದಕ್ಕ:
ಬುದ್ಧಿ ಒಂದೇ ಮೈಯೊಳಗೆ ಇರಬೇಕೆಂದು ಯಾರು ಹೇಳಿದರು? ನಮ್ಮ ತೋಟದ ಬದುವಿನಲ್ಲಿ ಎದೆಯೆತ್ತರದ ಹುತ್ತವಿದೆ. ಮಳೆಗೆ ಮೂಲೆ ಕುಸಿದರೆ ಬೆಳಗಾಗುವಷ್ಟರಲ್ಲಿ ಹಸಿ ಮಣ್ಣಿನ ತೇಪೆ ಬಿದ್ದಿರುತ್ತದೆ. ಒಂದು ಗೆದ್ದಲನ್ನು ಹಿಡಿದು ಕೇಳಿದರೆ ಅದಕ್ಕೆ ನಕ್ಷೆ ಗೊತ್ತಿಲ್ಲ, ಹುತ್ತಕ್ಕೆ ಗೊತ್ತು. "ನಾನು" ಎಂಬ ಮಾತೇ ಇಲ್ಲದ ಅಂಥದ್ದೊಂದು ಹುತ್ತ ಬೇರೆ ಗ್ರಹದಲ್ಲಿ ಏಕಿರಬಾರದು?

ಜಗಳೂರು ಮೇಷ್ಟರು:
ಅಕ್ಕಾ, ಹುತ್ತ ರಿಪೇರಿ ಮಾಡುತ್ತದೆ, ನಿಜ. ಮನೆ ಕಟ್ಟುವ ಹೊಸ ರೀತಿಯನ್ನು ಈ ವರ್ಷ ಕಲಿತು ಮುಂದಿನವರಿಗೆ ಹೇಳಿಕೊಡುವುದಿಲ್ಲ.

ಇದರಿಂದಲೇ ನನಗೆ ಹೊಳೆದದ್ದು: ಆಕ್ಟೋಪಸ್‌ಗೆ ಇಲ್ಲದಿರುವುದು ಅಜ್ಜಿ. ಹೆಚ್ಚಿನ ಜಾತಿಗಳ ಆಯಸ್ಸು ಒಂದೆರಡು ವರ್ಷ. ತಾಯಿ ಊಟ ಬಿಟ್ಟು ಮೊಟ್ಟೆಗಳಿಗೆ ಕಾವಲು ಕೂರುತ್ತಾಳೆ, ಮರಿಗಳು ಹೊರಬರುವ ಹೊತ್ತಿಗೆ ಸಾಯುತ್ತಾಳೆ. ಚಿಪ್ಪು ಬಿಡಿಸುವ ಉಪಾಯವನ್ನು ಪ್ರತಿ ಮರಿಯೂ ಮೊದಲಿನಿಂದ ಕಂಡುಕೊಳ್ಳಬೇಕು. ನಮ್ಮ ಮನೆಯಲ್ಲಿ ರೊಟ್ಟಿ ತಟ್ಟುವ ಹದ ಪುಸ್ತಕದಿಂದ ಬಂದದ್ದಲ್ಲವಲ್ಲ. ರೂಪ ಹೇಗಾದರೂ ಇರಲಿ, ಆ ಜೀವಿಗೆ ಉದ್ದನೆಯ ಬಾಲ್ಯ ಇರಬೇಕು, ಕಲಿಸಲು ಮುದುಕರು ಉಳಿದಿರಬೇಕು.

ಮರಡಿಹಳ್ಳಿ ಕಲ್ಲು:
ಎಲ್ಲರೂ ಒಮ್ಮೆ ನಮ್ಮೂರಿನ ದಿಂಬಿನಾಕಾರದ ಲಾವಾ ಬಂಡೆಗಳನ್ನು ನೋಡಲು ಬನ್ನಿ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿ ತಣಿದವು. ಆಗ ಯಾರಾದರೂ ಆಕಾಶದಿಂದ ಇಳಿದಿದ್ದರೆ ಭೂಮಿಯಲ್ಲಿ ಸಿಗುತ್ತಿದ್ದುದು ಸೂಕ್ಷ್ಮಾಣುಗಳ ಲೋಳೆ, ಅಷ್ಟೇ. ಹೆಚ್ಚಿನ ಗ್ರಹಗಳ ಹಣೆಬರಹವೂ ಲೋಳೆಯೇ ಎಂದು ನನ್ನ ಅನುಮಾನ.

ದಾವಣಗೆರೆ ಲೇತ್:
ಲೋಳೆಗೆ ಯಾರೂ ಬಹುಮಾನ ಕೊಡುವುದಿಲ್ಲ ಸ್ವಾಮಿ. ಬಂದರೂ ಜೀವಿ ಬರುವುದಿಲ್ಲ, ಅದು ಮಾಡಿದ ಯಂತ್ರ ಬರುತ್ತದೆ. ನಾವು ಕಳಿಸಿದ್ದೂ ಅದನ್ನೇ ಅಲ್ಲವೇ? 1977ರಲ್ಲಿ ಹೊರಟ ವಾಯೇಜರ್ ಯಾರ ಕೈಗಾದರೂ ಸಿಕ್ಕರೆ, 3.7 ಮೀಟರ್ ಅಗಲದ ಬೋಗುಣಿ ತಲೆ, ಕಡ್ಡಿ ಕೈ. ಅದರ ಮೈಗೆ ಕೂರಿಸಿರುವ ಧ್ವನಿಮುದ್ರಿಕೆಯ 55 ಭಾಷೆಗಳ ಶುಭಾಶಯಗಳಲ್ಲಿ ಕನ್ನಡವೂ ಇದೆ. ಜೊತೆಗಿರುವ ಚಿತ್ರಗಳನ್ನು ಬಿಡಿಸಿಕೊಳ್ಳುವವರೆಗೆ ಕನ್ನಡಿಗರೆಂದರೆ ಈ ಬೋಗುಣಿಯೇ ಎಂದುಕೊಂಡಾರು.

ಜೋಗಿಮಟ್ಟಿ ಗಾಳಿ:
ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಚಾರ್ಟಿನಲ್ಲಿ "ಆಯಸ್ಸು 3 ವರ್ಷ" ಎಂದಿದ್ದುದಕ್ಕೆ ವೈಟ್ನರ್ ಹಚ್ಚಿ 90 ಮಾಡಿದಳು. ದೊಡ್ಡದರ ಒಂದು ತೋಳಿಗೆ ಸಣ್ಣದೊಂದನ್ನು ಜೋತುಬೀಳಿಸಿದಳು. ಬೆಂಕಿಯ ಪ್ರಶ್ನೆಗೂ ಅವಳಲ್ಲಿ ಉತ್ತರವಿದೆ: ಕಡಲ ತಳದ ಬಿಸಿನೀರಿನ ಬಿಲಗಳು. ನಮ್ಮ ಸಾಗರಗಳಲ್ಲೇ ಕೆಲವು ಬಿಲಗಳ ನೀರು 350 ಡಿಗ್ರಿ ದಾಟುತ್ತದೆ. ಸೀಸ ಕರಗುವುದು 327ಕ್ಕೆ.

ದಾವಣಗೆರೆ ಲೇತ್:
ಲೆಕ್ಕ ಸರಿಯಿದೆ, ಹುಡುಗಿ ಗಟ್ಟಿಗಿತ್ತಿ. ಆದರೆ ಕಬ್ಬಿಣ ಕರಗಲು 1,538 ಡಿಗ್ರಿ ಬೇಕು. ಸೀಸದಲ್ಲಿ ಮಾಡಿದ ಟೂಲ್ ಮೊದಲನೇ ಕಟ್‌ಗೇ ಬಗ್ಗುತ್ತದೆ ಎಂದು ಅವಳಿಗೆ ಹೇಳಿ.