ಬಂಡೀಪುರದ ಪ್ರವಾಸಿಗರ ದುಡ್ಡು ಕಾಡಂಚಿನ ಊರಿಗೆ ಸಿಗುವುದು ಹೇಗೆ?

ಪ್ರಶ್ನೆ – ಗ್ರಾ.ಪಂ. ಸದಸ್ಯೆ, ಗುಂಡ್ಲುಪೇಟೆ ತಾಲ್ಲೂಕು
ಸಫಾರಿ ಟಿಕೆಟ್ ಹಣ ಯಾರಿಗೋ, ಆನೆ ತುಳಿದ ಬೆಳೆ ಮಾತ್ರ ನಮಗೆ ಅಂತ ಗ್ರಾಮಸಭೆಯಲ್ಲಿ ಜನ ಕೇಳುತ್ತಾರೆ. ಊರಿಗೆ ನಿಜವಾದ ಲಾಭ ಆಗಲು ಏನು ಮಾಡಬೇಕು?

ಉತ್ತರ 1 – ಕಾಡಂಚು
ಮೇಡಂ, ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ಸೇರಿದ 38ಎಕ್ಸ್ ಕಲಂ ಓದಿ. ಅದರಡಿ ಬಂಡೀಪುರದಂಥ ಹುಲಿ ಮೀಸಲು ಪ್ರದೇಶಕ್ಕೆ ಹುಲಿ ಸಂರಕ್ಷಣಾ ಪ್ರತಿಷ್ಠಾನ (ಮೀಸಲಿನ ನಿರ್ವಹಣೆಗೆ ನೆರವಾಗುವ ಸಂಸ್ಥೆ) ಇರಬೇಕು. ಸ್ಥಳೀಯರನ್ನು ಸೇರಿಸಿಕೊಂಡ ಪ್ರವಾಸೋದ್ಯಮ ಅದರ ಉದ್ದೇಶಗಳಲ್ಲೇ ಇದೆ. ಮೊದಲು ಲೆಕ್ಕ ಕೇಳಿ: ಟಿಕೆಟ್ ಆದಾಯ ಎಷ್ಟು, ಯಾವ ಊರಿಗೆ ಎಷ್ಟು ಖರ್ಚು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಬೆಳೆ ಹಾನಿ, ಟಿಕೆಟ್, ರಸ್ತೆ ಎಲ್ಲ ಒಂದರಲ್ಲೇ ತುರುಕಿದರೆ ಮೊದಲ ವಿಷಯಕ್ಕೆ ಮಾತ್ರ ಉತ್ತರ ಕೊಟ್ಟು, ಉಳಿದವಕ್ಕೆ ಬೇರೆ ಅರ್ಜಿ ಹಾಕಿ ಎನ್ನಬಹುದು.

ಉತ್ತರ 2 – ತರಕಾರಿ ಮಂಡಿ
ಲೆಕ್ಕ ಕೇಳುವುದು ಸರಿ, ಆದರೆ ದೊಡ್ಡ ಸೋರಿಕೆ ರೆಸಾರ್ಟ್ ಅಡುಗೆಮನೆಯಲ್ಲಿದೆ. ಪಕ್ಕದ ಹೊಲದಲ್ಲಿ ಟೊಮೆಟೊ ಇದ್ದರೂ ಮೈಸೂರಿನಿಂದ ತರಿಸುತ್ತಾರೆ. ಕಾರಣ ಸರಳ: ಅವರಿಗೆ ದಿನಾ ಹತ್ತು ಬಗೆ, ಐದೈದು ಕಿಲೋ, ಆರಿಸಿದ ಮಾಲು, ಜೊತೆಗೆ ಬಿಲ್ ಬೇಕು. ಒಬ್ಬ ರೈತನಿಂದ ಆಗದು. ಸ್ತ್ರೀಶಕ್ತಿ ಸಂಘ ಹಿಂದಿನ ಸಂಜೆ ಆರ್ಡರ್ ಪಡೆದು, ಬೆಳಿಗ್ಗೆ ಒಂದೆಡೆ ತೂಗಿ, ಸಂಘದ ಹೆಸರಲ್ಲೇ ಬಿಲ್ ಕೊಡಲಿ. ಪಾವತಿ ವಾರಕ್ಕೊಮ್ಮೆ ಅಂತ ಬರೆಸಿಕೊಳ್ಳಿ. ತಿಂಗಳ ಸಾಲವಾದರೆ ಸಣ್ಣ ರೈತ ಮಂಡಿಗೇ ಮರಳುತ್ತಾನೆ.

ಉತ್ತರ 3 – ಬೆಟ್ಟದ ತಪ್ಪಲು
ಕಾಡಲ್ಲಿ ಹಬ್ಬಿದ ಕಳೆಪೊದೆ ಲಾಂಟಾನಾ ಮರೆಯಬೇಡಿ, ಅದರಿಂದ ಮಾಡಿದ ಸಾಮಾನನ್ನೂ ಪ್ರವಾಸಿಗರಿಗೆ ಮಾರಬಹುದು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿ ಬೇಯಿಸಿ, ಸಿಪ್ಪೆ ಸುಲಿದು, ಬಿಸಿಯಿದ್ದಾಗಲೇ ಬಗ್ಗಿಸಿ ಕುರ್ಚಿ ಮಾಡುತ್ತಾರೆ. ಆರಿದ ಮೇಲೆ ಬಗ್ಗಿಸಿದರೆ ಸೀಳುತ್ತದೆ. ಕಾಡಿನೊಳಗಿಂದ ಕಡ್ಡಿ ತರಲು ಅರಣ್ಯ ಇಲಾಖೆಯ ಅನುಮತಿ ಮೊದಲು ಪಡೆಯಿರಿ.