ಅಪ್‌ಡೇಟ್: ನೆಲದ ಸ್ಲ್ಯಾಬ್‌ಗೆ ಫೈಬರ್ರಾ, ಮೆಶ್ಶಾ?

ಕಾರ್ ನಿಲ್ಲಿಸುವ ಜಾಗದ 4 ಇಂಚಿನ ಸ್ಲ್ಯಾಬ್‌ಗೆ ತಂತಿ ಮೆಶ್ ಹಾಕಬೇಕಾ, ಕಾಂಕ್ರೀಟಿಗೇ ಬೆರೆಸುವ ಸಿಂಥೆಟಿಕ್ ಫೈಬರ್ (ಪ್ಲಾಸ್ಟಿಕ್ ಎಳೆ) ಸಾಕಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಕೊನೆಗೆ ಎರಡೂ ಹಾಕಿಸಿದೆ.

ಕಾಂಕ್ರೀಟ್ ಹಸಿಯಿದ್ದಾಗಲೇ ಮೇಲ್ಮೈ ಬೇಗ ಒಣಗಿ ಬರುವ ಸಣ್ಣ ಬಿರುಕನ್ನು ತೆಳು ಎಳೆಯ ಮೈಕ್ರೋ ಫೈಬರ್ ಕಡಿಮೆ ಮಾಡುತ್ತದೆ. ಗಟ್ಟಿಯಾದ ಮೇಲೆ ಬಿಟ್ಟ ಬಿರುಕು ಅಗಲವಾಗದಂತೆ ಹಿಡಿಯುವುದು ಮೆಶ್. ಅದರ ಬದಲು ಬೇಕೆಂದರೆ ದಪ್ಪ ಎಳೆಯ ಮ್ಯಾಕ್ರೋ ಫೈಬರ್ರೇ ಆಗಬೇಕು.

ಮೆಶ್ ಇರಬೇಕಾದ್ದು ಸ್ಲ್ಯಾಬಿನ ಮೇಲರ್ಧದಲ್ಲಿ. ನೆಲಕ್ಕೆ ಹಾಸಿ, ಕಾಂಕ್ರೀಟ್ ಸುರಿಯುವಾಗ ಎತ್ತುತ್ತೇವೆ ಅಂದರೆ ಒಪ್ಪಬೇಡಿ. ತುಳಿದಾಗ ಮತ್ತೆ ತಳಕ್ಕೇ ಹೋಗುತ್ತದೆ, ಸುಮ್ನೆ ದುಡ್ಡು ದಂಡ. ನಾನು ಹಟ ಹಿಡಿದು ಕವರ್ ಬ್ಲಾಕ್ (ಮೆಶ್ ಎತ್ತರದಲ್ಲಿ ನಿಲ್ಲಿಸುವ ಸಣ್ಣ ಬಿಲ್ಲೆ) ಮೇಲೆ ಕೂರಿಸಿದೆ. ಬಿರುಕು ಬಂದರೆ ಅಲ್ಲೇ ಬರಲಿ ಅಂತ 10 ಅಡಿಗೊಂದು ಜಾಯಿಂಟ್ (ಸ್ಲ್ಯಾಬಿನ ಮೇಲೆ ಗೆರೆಯಂಥ ಸೀಳು), 1 ಇಂಚು ಆಳ. ಬಿರುಕು ಬಿಟ್ಟಿರುವುದು ಆ ಗೆರೆಗಳಲ್ಲಿ ಮಾತ್ರ.

ಮಹಡಿ ಸ್ಲ್ಯಾಬ್‌ಗೆ ಮಾತ್ರ ಫೈಬರ್ ನಂಬಿ ಕಂಬಿ ಬಿಡಬೇಡಿ.